ಕುಬಾಚಿಗೆ ಫ್ರಾಂಕರ ನಂಟು ಕಟ್ಟಬೇಡಿ

ರಷ್ಯಾದ ದಾಗೆಸ್ತಾನದ ಬೆಟ್ಟಗಳಲ್ಲಿರುವ ಕುಬಾಚಿಯ ಜನಸಂಖ್ಯೆ ಸುಮಾರು 3,000. ಬೆಳ್ಳಿ ಕೆಲಸಕ್ಕೆ ಹೆಸರಾದ ಈ ಊರಿನವರು ಪಶ್ಚಿಮ ಯುರೋಪಿನಿಂದ ಬಂದ ಫ್ರಾಂಕರ, ಇಟಲಿಯ ಜಿನೋವಾದವರ ಸಂತತಿ ಎಂಬ ಕಥೆ ಇನ್ನೂ ಓಡಾಡುತ್ತಿದೆ. ಗುಡ್ಡಗಾಡಿನವರಿಗೆ ಇಷ್ಟು ನಾಜೂಕು ಕೈ ಎಲ್ಲಿಂದ ಬಂತು ಎಂಬ ತಾತ್ಸಾರ ಅದರೊಳಗಿದೆ. 10ನೇ ಶತಮಾನದಲ್ಲೇ ಅರಬ್ ಇತಿಹಾಸಕಾರ ಅಲ್‌-ಮಸೂದಿ ಇಲ್ಲಿಯವರು ಕವಚ, ರಿಕಾಪು, ಕಡಿವಾಣ, ಕತ್ತಿ ಮಾಡುವುದನ್ನು ಬರೆದಿದ್ದಾನೆ. ಜಿನೋವಾದ ವರ್ತಕರು ಕಪ್ಪು ಸಮುದ್ರದ ಕಾಫಾದಲ್ಲಿ ನೆಲೆಯೂರಿದ್ದು 13ನೇ ಶತಮಾನದಲ್ಲಿ. ಊರಿನ ಮಾತೂ ಈಶಾನ್ಯ ಕಾಕಸಸ್‌ನ ದಾರ್ಗಿನ್ ಗುಂಪಿನದು. ಪಶ್ಚಿಮ ಯುರೋಪಿನ ಯಾವ ಭಾಷೆಗೂ ಅದರ ಸಂಬಂಧವಿಲ್ಲ.

ಮಸೂದಿ ಕೊಟ್ಟ ಹೆಸರು ಝಿರಿಹ್‌ಗರಾನ್. ಪಾರಸಿಯಲ್ಲಿ ಕವಚ ಮಾಡುವವರು ಎಂದರ್ಥ. ಮುಂದೆ ತುರ್ಕಿ ಭಾಷೆಗಳಲ್ಲಿ ಕವಚಕ್ಕಿರುವ 'ಕುಬೆ'ಗೆ ಆ ಕೆಲಸದವನು ಎನ್ನುವ 'ಚಿ' ಸೇರಿ ಕುಬಾಚಿ ಆಯಿತು. ನಮ್ಮ ಖಜಾಂಚಿಯ ಕೊನೆಯಲ್ಲಿರುವುದೂ ಇದೇ 'ಚಿ'.

ಸರಪಳಿ ಕವಚದಲ್ಲಿ ಸಾಮಾನ್ಯವಾಗಿ ಒಂದೊಂದು ಉಂಗುರವೂ ನಾಲ್ಕರ ಜೊತೆ ಹೆಣೆದಿರುತ್ತದೆ. ತಂತಿಯ ತುದಿಗಳನ್ನು ಚಪ್ಪಟೆ ಬಡಿದು, ಒಂದರ ಮೇಲೊಂದು ಕೂರಿಸಿ, ತೂತು ಕೊರೆದು ರಿವೆಟ್ ಹೊಡೆಯಬೇಕು. ರಿವೆಟ್ ಇಲ್ಲದಿದ್ದರೆ ಭರ್ಜಿಯ ತಿವಿತಕ್ಕೆ ಉಂಗುರ ಬಾಯಿಬಿಡುತ್ತದೆ; ತೂತು ಅಂಚಿಗೆ ಸರಿದರೆ ತುದಿಯೇ ಸೀಳುತ್ತದೆ. ಬಂದೂಕು ಬಂದ ಮೇಲೆ ಕವಚ ಕೇಳುವವರಿಲ್ಲವಾಯಿತು. ಆ ಕೈಗಳು ಕಠಾರಿಯ ಒರೆ, ಬಂದೂಕಿನ ಕಟ್ಟು, ಒಡವೆಗಳತ್ತ ತಿರುಗಿದವು.

ಕುಬಾಚಿಯ ಹೆಮ್ಮೆ ಬೆಳ್ಳಿಯ ಮೇಲಿನ ಕಪ್ಪು ಚಿತ್ತಾರ. ಬೆಳ್ಳಿ, ತಾಮ್ರ, ಸೀಸಗಳನ್ನು ಗಂಧಕದೊಂದಿಗೆ ಕರಗಿಸಿದರೆ ಸಲ್ಫೈಡುಗಳ ಕರಿ ಗಟ್ಟಿ ಸಿಗುತ್ತದೆ. ಅದನ್ನು ಅರೆದು, ಬಿಳಿಗಾರ ಬೆರೆಸಿ, ಉಳಿಯಿಂದ ಕೆತ್ತಿದ ಗೀರುಗಳಿಗೆ ತುಂಬಿ ಕಾಯಿಸುತ್ತಾರೆ. ಬೆಳ್ಳಿ ಕರಗಲು 961 ಡಿಗ್ರಿ ಸೆಲ್ಸಿಯಸ್ ಬೇಕು; ಈ ಪುಡಿ ಅದಕ್ಕಿಂತ ಬಹಳ ಮೊದಲೇ ಕರಗಿ ಗೀರಿನೊಳಗೆ ಇಳಿಯುತ್ತದೆ. ಆರಿದ ಮೇಲೆ ಮೇಲಿನದನ್ನು ಅರದಿಂದ ಉಜ್ಜಿ ತೆಗೆದರೆ ಗೀರಿನೊಳಗಿನ ಕಪ್ಪು ಮಾತ್ರ ಉಳಿಯುತ್ತದೆ. ಕಾವು ಹೆಚ್ಚಿದರೆ ಸೀಸ ಬೆಳ್ಳಿಯನ್ನೇ ತಿಂದು ಕುಳಿ ಬೀಳಿಸುತ್ತದೆ, ಕಡಿಮೆಯಾದರೆ ಕಪ್ಪು ಚಕ್ಕೆಯಾಗಿ ಏಳುತ್ತದೆ. ಬೆರಳಿನ ಜಿಡ್ಡು ತಾಗಿದರೂ ಸಾಕು, ಹಿಡಿಯುವುದಿಲ್ಲ. ಕೆತ್ತನೆಯ ಬಳ್ಳಿಗಳಲ್ಲಿ ಎರಡೂ ಬದಿ ಸಮನಾದದ್ದು 'ತುತ್ತಾ'. ಪೊದೆಯಂತೆ ಎತ್ತಲೋ ಹಬ್ಬುವುದು 'ಮರ್ಖರಾಯ್'.

ಇನ್ನು ಮ್ಯೂಸಿಯಮ್ಮುಗಳು 'ಕುಬಾಚಿ ಪಾತ್ರೆ' ಎಂದು ಚೀಟಿ ಅಂಟಿಸಿದ ಪಿಂಗಾಣಿಯಂಥ ತಟ್ಟೆಗಳ ವಿಷಯ. ಅವು ಕುಬಾಚಿಯವಲ್ಲ, ಇರಾನಿನಲ್ಲಿ ಸುಟ್ಟವು. 19ನೇ ಶತಮಾನದ ಕೊನೆಯಲ್ಲಿ ವ್ಯಾಪಾರಿಗಳು ಕೊಂಡದ್ದು ಈ ಊರಿನ ಮನೆಗಳಿಂದ, ಅದಕ್ಕೇ ಆ ಹೆಸರು. ಹಲವು ತಟ್ಟೆಗಳ ತಳದ ಬಳೆಯಲ್ಲಿ ತೂತುಗಳಿವೆ; ಕುಬಾಚಿಯವರು ಅವನ್ನು ದಾರ ಕಟ್ಟಿ ಗೋಡೆಗೆ ತೂಗುಹಾಕುತ್ತಿದ್ದರು.