ಎಲ್ಲಾ ಸೂಜಿ ಆಗ್ಯಾವ್ರಿ

ಮುಧೋಳ, ಲೋಕಾಪುರ, ಮಹಾಲಿಂಗಪುರದ ಕಡೆ ನಾಯಿಮರಿ ಕೊಂಡು ನೇರವಾಗಿ ನನ್ನ ಚಿಕಿತ್ಸಾಲಯಕ್ಕೆ ಬರುವವರನ್ನು ನಾನು ಮೊದಲು ಕೇಳುವುದು ಲಸಿಕೆಯ ವಿಷಯ. ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: “ಎಲ್ಲಾ ಸೂಜಿ ಆಗ್ಯಾವ್ರಿ ಡಾಕ್ಟ್ರ. ಮಾರಿದವ್ರು ಹಾಕ್ಸೇ ಕೊಟ್ಟಾರ.” ಮರಿಯ ಬಾಯಿ ತೆರೆದು ಹಲ್ಲು ನೋಡಿದರೆ ಅದಕ್ಕಿನ್ನೂ ಎರಡು ತಿಂಗಳು ತುಂಬಿರುವುದಿಲ್ಲ. ಎರಡು ತಿಂಗಳು ತುಂಬದ ಮರಿಗೆ, ವಾಂತಿಭೇದಿಯಿಂದ ಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ರೋಗದ ಎಲ್ಲಾ ಸೂಜಿ ಆಗಿರಲು ಸಾಧ್ಯವೇ ಇಲ್ಲವೆಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಆದ್ದರಿಂದ ಒಮ್ಮೆ ಬರೆದೇ ಬಿಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಘಟಪ್ರಭೆಯ ದಂಡೆಯ ಊರೊಂದರಿಂದ ಒಬ್ಬ ರೈತರು ಹತ್ತು ವಾರದ ಮುಧೋಳ ಮರಿಯೊಂದನ್ನು ಕೌದಿಯಲ್ಲಿ ಸುತ್ತಿಕೊಂಡು ತಂದಿದ್ದರು. ಪಾರ್ವೊ ಬಂದ ಮರಿಯ ಭೇದಿಗೆ ಒಂದು ವಾಸನೆಯಿರುತ್ತದೆ. ರಕ್ತ ಮತ್ತು ಕೊಳೆತ ಮಾಂಸ ಎರಡೂ ಬೆರೆತಂತಿರುವ ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಕೌದಿ ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು. ಹೆಗಲ ಮೇಲಿನ ಚರ್ಮವನ್ನು ಚಿವುಟಿ ಎತ್ತಿದರೆ ಅದು ಕೆಳಗಿಳಿಯದೆ ಹಾಗೆಯೇ ನಿಂತಿತು, ಒಸಡು ಬಿಳಿಚಿ ತಣ್ಣಗಾಗಿತ್ತು. ಮುಧೋಳ ನಾಯಿಯ ಚರ್ಮ ಎಷ್ಟು ತೆಳುವೆಂದರೆ ಮುಂಗಾಲಿನ ರಕ್ತನಾಳ ದಾರದಂತೆ ಮೇಲೆಯೇ ಕಾಣುತ್ತದೆ, ಕಲಿಯುವ ಹುಡುಗರಿಗೂ ಸಲೈನ್ ಹಚ್ಚಲು ಕಷ್ಟವಾಗದು. ಆ ದಿನ ನನಗೇ ಆ ದಾರ ಸಿಗಲು ಹತ್ತು ನಿಮಿಷ ಹಿಡಿಯಿತು.

ಆ ರೈತರು ಅಂಗಿಯ ಕಿಸೆಯಿಂದ ಲಸಿಕೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಸೂಜಿ ಹಾಕ್ಸೀವ್ರಿ ಸಾಹೇಬ್ರ. ಇದೇನ್ ಸುಳ್ಳೇನ್ರಿ?” ಸುಳ್ಳಲ್ಲ. ಮರಿ ಹುಟ್ಟಿದ 45ನೆಯ ದಿನ ಹಾಕಿಸಿದ ಸೂಜಿ, ಸೀಸೆಯ ಮೇಲಿನ ಲೇಬಲ್ಲನ್ನು ಕಿತ್ತು ನೀಟಾಗಿ ಅಂಟಿಸಿದ್ದಾರೆ, ಅವಧಿ ಮೀರಿಲ್ಲ, ವೈದ್ಯರ ಸಹಿಯಿದೆ. ಎಲ್ಲವೂ ಸರಿಯಿದೆ, ಮರಿ ಮಾತ್ರ ಸಾಯುತ್ತಿದೆ. ಇಂಥ ಹೊತ್ತಿನಲ್ಲಿ ಜನ ಒಂದೋ ಲಸಿಕೆ ಡೂಪ್ಲಿಕೇಟ್ ಎನ್ನುತ್ತಾರೆ, ಇಲ್ಲವೇ ಹಣೆಬರಹ ಎನ್ನುತ್ತಾರೆ. ಎರಡೂ ಅಲ್ಲ.

ರೋಗದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ನಾಯಿಗಳಲ್ಲಿ ಈ ಪಾರ್ವೊ ವೈರಸ್ 1978ರಲ್ಲಿ ಮೊದಲು ಗುರುತಿಸಲ್ಪಟ್ಟು, ಎರಡೇ ವರ್ಷಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಇದು ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆಯಂಥ, ಸದಾ ಹೊಸ ಜೀವಕೋಶಗಳು ಹುಟ್ಟುತ್ತಿರುವ ಜಾಗಗಳನ್ನು ಹಿಡಿಯುತ್ತದೆ. ಆದ್ದರಿಂದ ಮರಿ ವಾಂತಿಭೇದಿಯಿಂದ ನೀರು ಕಳೆದುಕೊಳ್ಳುವಾಗಲೇ ರಕ್ತದ ಬಿಳಿಕಣಗಳೂ ಕುಸಿದು, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಅಪಾಯ ಹೆಚ್ಚು. ಚಿಕಿತ್ಸೆಯಿಲ್ಲದಿದ್ದರೆ ಹತ್ತರಲ್ಲಿ ಒಂಬತ್ತು ಸಾಯಬಹುದು. ಬೇಗ ತಂದು ಸಲೈನ್ ಹಚ್ಚಿ ನೋಡಿಕೊಂಡರೆ ಹೆಚ್ಚಿನವು ಉಳಿಯುತ್ತವೆ. ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಈ ರೋಗ ತಗುಲುವುದಿಲ್ಲ.

ಇನ್ನು ನನ್ನ ಮುಖ್ಯ ಮಾತು. ಜನರ ಮನಸ್ಸಿನಲ್ಲಿ ಮೂರು ಸೂಜಿ ಎಂದರೆ ಮೂರು ಕಂತು. ಒಂದು ಕಂತು ತುಂಬಿದರೆ ಮೂರರಲ್ಲೊಂದು ಪಾಲು ರಕ್ಷಣೆ, ಎರಡು ತುಂಬಿದರೆ ಬಹುಪಾಲು, ಮೂರನೆಯದು ಬಿಟ್ಟರೂ ಅಷ್ಟೇನೂ ನಷ್ಟವಿಲ್ಲ. ಈ ಲೆಕ್ಕವೇ ತಪ್ಪು, ಮತ್ತು ನಾನು ನೋಡುವ ಸಾವುಗಳಲ್ಲಿ ಬಹಳಷ್ಟು ಈ ಲೆಕ್ಕದಿಂದಲೇ ಆಗುತ್ತವೆ.

ಮರಿ ಹುಟ್ಟಿದ ಮೊದಲ ದಿನ ತಾಯಿಯ ಗಿಣ್ಣದ ಹಾಲು ಕುಡಿಯುತ್ತದೆ. ತಾಯಿಗೆ ರೋಗನಿರೋಧಕ ಶಕ್ತಿಯಿದ್ದರೆ ಅದರ ಒಂದು ಪಾಲು ಆ ಹಾಲಿನ ಮೂಲಕ ಮರಿಯ ರಕ್ತಕ್ಕೆ ಬರುತ್ತದೆ. ಇದು ಮರಿಯ ಸ್ವಂತ ದುಡಿಮೆಯಲ್ಲ, ತಾಯಿ ಕಟ್ಟಿ ಕಳಿಸಿದ ಬುತ್ತಿ. ದಿನ ಕಳೆದಂತೆ ಕರಗುತ್ತದೆ, ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ತಾಯಿಯ ಈ ಬುತ್ತಿಗೆ ಹೊರಗಿನಿಂದ ಬಂದ ರೋಗದ ವೈರಸ್ ಯಾವುದು, ಲಸಿಕೆಯಲ್ಲಿ ನಾವು ಕೊಟ್ಟ ದುರ್ಬಲಗೊಳಿಸಿದ ವೈರಸ್ ಯಾವುದು ಎಂಬ ಭೇದ ಗೊತ್ತಿಲ್ಲ. ಎರಡನ್ನೂ ಹೊಡೆದುಹಾಕುತ್ತದೆ. ಬುತ್ತಿ ಸಾಕಷ್ಟು ಉಳಿದಿರುವಾಗ ಹಾಕಿದ ಸೂಜಿ ಮರಿಗೆ ಏನನ್ನೂ ಕಲಿಸದೆ ವ್ಯರ್ಥವಾಗುತ್ತದೆ.

ಇಷ್ಟೇ ಆಗಿದ್ದರೆ ಬುತ್ತಿ ಮುಗಿಯುವವರೆಗೆ ಕಾದು ಒಂದೇ ಸೂಜಿ ಹಾಕಬಹುದಿತ್ತು. ತೊಡಕು ಮುಂದಿದೆ. ರೋಗದ ವೈರಸ್ ಬಲವಾದದ್ದು, ಬುತ್ತಿ ಸ್ವಲ್ಪ ಕಡಿಮೆಯಾದ ಕೂಡಲೇ ಒಳಗೆ ನುಗ್ಗುತ್ತದೆ. ಲಸಿಕೆಯ ವೈರಸ್ ಬಡಪಾಯಿ, ಬುತ್ತಿ ಬಹುತೇಕ ಖಾಲಿಯಾಗುವವರೆಗೆ ಅದಕ್ಕೆ ದಾರಿಯಿಲ್ಲ. ಈ ಎರಡರ ನಡುವಿನ ದಿನಗಳಲ್ಲಿ ಮರಿಗೆ ರೋಗ ಬರಬಲ್ಲದು, ಲಸಿಕೆ ಹಿಡಿಯಲಾರದು.

ತಾಯಿಯ ಈ ಬುತ್ತಿಯನ್ನು ಜೋಳದ ಲೆಕ್ಕದಲ್ಲಿ ಹೇಳಿದರೆ ನಮ್ಮವರಿಗೆ ಬೇಗ ತಿಳಿಯುತ್ತದೆ ಎಂಬುದು ನನ್ನ ಅನುಭವ. ಅಂಕಿಗಳು ತಿಳಿಯಲೆಂದು ನಾನು ಹಿಡಿದವು, ಪ್ರಯೋಗಾಲಯದವಲ್ಲ. ಒಂದು ಮರಿಯ ಹಗೇವಿನಲ್ಲಿ ಹುಟ್ಟಿದಾಗ 64 ಸೇರು ಜೋಳ ಇದೆಯೆನ್ನಿ. ಹತ್ತು ದಿನಕ್ಕೆ 32, ಇಪ್ಪತ್ತಕ್ಕೆ 16, ಮೂವತ್ತಕ್ಕೆ 8, ನಲವತ್ತಕ್ಕೆ 4, ಐವತ್ತಕ್ಕೆ 2 ಸೇರು. ಜೋಳ 8 ಸೇರಿಗಿಳಿದರೆ ರೋಗ ನುಗ್ಗಬಹುದು, 2 ಸೇರಿಗಿಳಿದರೆ ಮಾತ್ರ ಲಸಿಕೆ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಈ ಮರಿ 30ನೆಯ ದಿನದಿಂದಲೇ ಬಯಲಿಗೆ ಬಿದ್ದಿದೆ. ಆದರೂ 45ನೆಯ ದಿನ ಹಾಕಿದ ಸೂಜಿ ಅದಕ್ಕೆ ಹಿಡಿಯಲಿಲ್ಲ, ಐದು ದಿನ ಮೊದಲಾಯಿತು. ಅದೇ ಹೊಟ್ಟೆಯ, ಮೊದಲ ದಿನ ಗಟ್ಟಿಯಾಗಿ ಹಾಲು ಕುಡಿದ ಅದರ ಅಣ್ಣನ ಹಗೇವಿನಲ್ಲಿ 256 ಸೇರು ಇತ್ತೆನ್ನಿ. ಅದು 8 ಸೇರಿಗಿಳಿಯುವುದು 50ನೆಯ ದಿನ, 2 ಸೇರಿಗಿಳಿಯುವುದು 70ನೆಯ ದಿನ. ಅದಕ್ಕೂ 45ನೆಯ ದಿನದ ಸೂಜಿ ವ್ಯರ್ಥ. ಮೂರು ವಾರ ಬಿಟ್ಟು 66ನೆಯ ದಿನ ಹಾಕಿದ ಎರಡನೆಯ ಸೂಜಿ ತಮ್ಮನಿಗೆ ಹಿಡಿಯಿತು, ಅಣ್ಣನಿಗೆ ಹಿಡಿಯಲಿಲ್ಲ. ಅಣ್ಣನಿಗೆ ಹಿಡಿದದ್ದು 87ನೆಯ ದಿನದ ಮೂರನೆಯ ಸೂಜಿ. ಇನ್ನೂ ಹೆಚ್ಚು ಜೋಳ ಹೊತ್ತು ಬಂದ ಮರಿಗೆ ಅದೂ ಹಿಡಿದಿರಲಾರದು.

ಯಾವ ಮರಿಯ ಹಗೇವು ಯಾವ ದಿನ ಖಾಲಿಯಾಗುತ್ತದೆಂದು ಹೊರಗಿನಿಂದ ನೋಡಿ ಹೇಳಲು ನನ್ನಿಂದಾಗದು. ರಕ್ತ ಪರೀಕ್ಷೆಯಿಂದ ಅಳೆಯಬಹುದು, ಆದರೆ ಪ್ರತಿ ಮರಿಗೂ ಮತ್ತೆ ಮತ್ತೆ ಮಾಡಿಸುವ ಖರ್ಚಿಗಿಂತ ಇನ್ನೊಂದು ಸೂಜಿ ಅಗ್ಗ. ಆದ್ದರಿಂದಲೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬಾಗಿಲು ತಟ್ಟುತ್ತಾ, ಮರಿಗೆ 16 ವಾರ ತುಂಬಿದ ಮೇಲೆ ಒಂದು ಸೂಜಿ ಬಿದ್ದೇ ತೀರುವಂತೆ ನೋಡಿಕೊಳ್ಳಬೇಕೆಂದು ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಅದರ ಮೇಲೂ ತಪ್ಪಿಸಿಕೊಂಡ ಒಂದೆರಡು ಮರಿಗಳಿರಬಹುದೆಂದು ಆರು ತಿಂಗಳ ಹೊತ್ತಿಗೆ ಮತ್ತೊಂದು. ಹಾಗಾಗಿ ಸೂಜಿಗಳನ್ನು ಎಣಿಸಬೇಡಿ, ಕೊನೆಯ ಸೂಜಿ ಬಿದ್ದ ದಿನ ಮರಿಗೆ ಎಷ್ಟು ವಯಸ್ಸಾಗಿತ್ತೆಂದು ನೋಡಿ. ನಾಲ್ಕು ವಾರಕ್ಕೆ, ಆರು ವಾರಕ್ಕೆ, ಎಂಟು ವಾರಕ್ಕೆ ಮೂರು ಸೂಜಿ ಹಾಕಿಸಿದ ಮರಿಗಿಂತ ನಾಲ್ಕು ತಿಂಗಳು ದಾಟಿದ ಮೇಲೆ ಒಂದೇ ಸೂಜಿ ಹಾಕಿಸಿಕೊಂಡ ಮರಿಗೆ ಪಾರ್ವೊದಿಂದ ರಕ್ಷಣೆ ಸಿಕ್ಕಿರುವ ಸಂಭವ ಹೆಚ್ಚು. (ಹಾಗೆಂದು ನಾಲ್ಕು ತಿಂಗಳವರೆಗೆ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ದಿನ ಕಾಯುವ ಮರಿ ಉಳಿಯಬೇಕಲ್ಲ.)

ಇದನ್ನೆಲ್ಲ ನಾನು ಹುಟ್ಟಾ ತಿಳಿದುಕೊಂಡು ಬಂದವನಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಹನ್ನೆರಡು ವಾರಕ್ಕೆ ಕೊನೆಯ ಸೂಜಿ ಹಾಕಿ, “ಇನ್ನು ನಿಶ್ಚಿಂತೆ” ಎಂದು ಹೇಳಿ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಒಂದು ಮರಿ ನಾಲ್ಕೂವರೆ ತಿಂಗಳಿಗೆ ಪಾರ್ವೊದಿಂದ ಸತ್ತಿತು. ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಕೆಲವು ಜಾಣರು ಇಲ್ಲಿ ಇನ್ನೊಂದು ಪ್ರಶ್ನೆ ತೆಗೆಯುತ್ತಾರೆ: “ತಾಯಿಗೆ ವರ್ಷಾ ಸೂಜಿ ಹಾಕ್ಸೀವ್ರಿ, ಮರಿಗೆ ಯಾಕ ಇಷ್ಟ ಗಡಿಬಿಡಿ?” ತಾಯಿಗೆ ಹಾಕಿಸಿದ್ದು ಒಳ್ಳೆಯದೇ; ಅಂಥ ತಾಯಿಯ ಮರಿಗಳು ಮೊದಲ ವಾರಗಳನ್ನು ಸುರಕ್ಷಿತವಾಗಿ ಕಳೆಯುತ್ತವೆ. ಆದರೆ ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ನೋಡಿ. ತಾಯಿಯ ಬುತ್ತಿ ದೊಡ್ಡದಾದಷ್ಟೂ ಮರಿಗೆ ಲಸಿಕೆ ಹಿಡಿಯುವ ದಿನ ಮುಂದಕ್ಕೆ ಹೋಗುತ್ತದೆ. ಚೆನ್ನಾಗಿ ಸಾಕಿದ ತಾಯಿಯ ಮರಿಗೇ ಹದಿನಾರನೆಯ ವಾರದ ಸೂಜಿ ಹೆಚ್ಚು ಅಗತ್ಯ.

ನಾಟಿ ತಳಿಗೆ ರೋಗ ಬರುವುದಿಲ್ಲವೆಂಬ ಇನ್ನೊಂದು ಹೆಮ್ಮೆ ನಮ್ಮ ಜಿಲ್ಲೆಯದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳನ್ನು ಉಡುಗೊರೆ ಕೊಟ್ಟದ್ದು ನಿಜ, 2005ರಲ್ಲಿ ಅಂಚೆ ಚೀಟಿಯ ಮೇಲೆ ಇವು ಬಂದದ್ದೂ ನಿಜ, ತಿಮ್ಮಾಪುರದಲ್ಲಿ ಇವಕ್ಕಾಗಿಯೇ ಸಂಶೋಧನಾ ಕೇಂದ್ರವಿರುವುದೂ ನಿಜ. ಪಾರ್ವೊ ವೈರಸ್ಸಿಗೆ ಇದ್ಯಾವುದೂ ತಿಳಿಯದು. ಬಿಸಿಲು ಮತ್ತು ಓಟವನ್ನು ತಡೆದುಕೊಳ್ಳುವ ಗಟ್ಟಿತನ ಬೇರೆ, ತಾನೆಂದೂ ಕಾಣದ ವೈರಸ್ಸಿಗೆ ಎದುರು ನಿಲ್ಲುವುದು ಬೇರೆ.

“ಸೂಜಿ ಹಾಕ್ಸಿದ ಮ್ಯಾಲೇ ರೋಗ ಬಂತ್ರಿ” ಎಂಬ ದೂರನ್ನೂ ಕೇಳುತ್ತೇನೆ. ವೈರಸ್ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಷ್ಟರೊಳಗೆ ಸೂಜಿ ಬಿದ್ದರೆ, ಮೊದಲೇ ಹೊಕ್ಕ ರೋಗ ಸೂಜಿಯ ನಂತರ ಕಾಣಿಸಿಕೊಳ್ಳುತ್ತದೆ, ಅಪವಾದ ಸೂಜಿಯ ಮೇಲೆ ಬರುತ್ತದೆ. ಇನ್ನು ಔಷಧ ಅಂಗಡಿಯಲ್ಲಿ ಸೀಸೆ ಕೊಂಡು, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಿಸೆಯಲ್ಲಿಟ್ಟುಕೊಂಡು ಬೈಕಿನಲ್ಲಿ ಬಂದು, “ಇದನ್ನ ಹಾಕ್ರಿ” ಎನ್ನುವವರಿಗೆ ನಾನು ಸೂಜಿ ಹಾಕುವುದಿಲ್ಲ. ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕಾದ ಲಸಿಕೆ ಅದು. ಸಿಟ್ಟಾಗುತ್ತಾರೆ, ಆಗಲಿ.

ಕೊನೆಯ ಸೂಜಿ ಬಿದ್ದು ಒಂದೆರಡು ವಾರ ಕಳೆಯುವವರೆಗೆ ಮರಿಯನ್ನು ಬೀದಿನಾಯಿಗಳು ಓಡಾಡುವ ನೆಲದ ಮೇಲೆ, ಜಾತ್ರೆಯಲ್ಲಿ, ನಾಯಿ ಪ್ರದರ್ಶನದಲ್ಲಿ ಇಳಿಸಬೇಡಿ. ನನ್ನ ಚಿಕಿತ್ಸಾಲಯದ ಅಂಗಳದಲ್ಲಂತೂ ಇಳಿಸಲೇಬೇಡಿ. ರೋಗದ ಮರಿಗಳು ಬರುವುದು ಅಲ್ಲಿಗೇ. ಆದರೆ ಕತ್ತಲೆ ಕೋಣೆಯಲ್ಲಿ ಕಟ್ಟಿಯೂ ಇಡಬೇಡಿ. ಮುಧೋಳ ನಾಯಿ ಹುಟ್ಟಾ ಸಂಕೋಚದ ಪ್ರಾಣಿ, ಎಳವೆಯಲ್ಲಿ ಜನರನ್ನು ಕಾಣದಿದ್ದರೆ ದೊಡ್ಡದಾದ ಮೇಲೆ ಬೆದರುತ್ತದೆ, ಕಚ್ಚುತ್ತದೆ. ತೊಡೆಯ ಮೇಲೆ ಕೂಡಿಸಿಕೊಂಡು ಊರು ತೋರಿಸಬಹುದು, ಲಸಿಕೆಯಾದ ಮನೆಯ ಹಿರಿಯ ನಾಯಿಗಳ ಜೊತೆ ಬಿಡಬಹುದು.

ನೆಲದ ವಿಷಯ ಬಂದದ್ದರಿಂದ ಫಿನಾಯಿಲ್ ಬಗ್ಗೆಯೂ ಹೇಳಬೇಕು. ಪಾರ್ವೊದ ಮೇಲೆ ಅದನ್ನು ನಂಬುವಂತಿಲ್ಲ. ವಾಸನೆಯಿಂದ ನಮಗೆ ಸಮಾಧಾನವಾಗುತ್ತದೆ, ಅಷ್ಟೇ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ಮತ್ತು ತೇವವಿದ್ದರೆ ವರ್ಷದವರೆಗೂ ಬದುಕಿರಬಲ್ಲದು. ಗಚ್ಚಿನ ನೆಲವಾದರೆ ಮೊದಲು ಹೊಲಸನ್ನೆಲ್ಲ ಸೋಪಿನಿಂದ ತೊಳೆದು, ಆಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನಿಲ್ಲಿಸಬೇಕು. ಸಗಣಿ ಸಾರಿಸಿದ ಅಂಗಳಕ್ಕೆ, ಹೊಲದ ಮಣ್ಣಿಗೆ ಇದು ಸಾಗದು. ಮರಿ ಸತ್ತ ದುಃಖಕ್ಕೆ ಮುಂದಿನ ವಾರವೇ ಇನ್ನೊಂದು ಎಳೆಯ ಮರಿ ತಂದು ಅದೇ ಅಂಗಳಕ್ಕೆ ಬಿಡುವವರನ್ನು ನೋಡಿದರೆ ನನಗೆ ಬೈಯಬೇಕೋ ಸಮಾಧಾನ ಹೇಳಬೇಕೋ ತಿಳಿಯುವುದಿಲ್ಲ. ಅಂಥ ಮನೆಗೆ ವರ್ಷದ ಮಟ್ಟಿಗೆ ಲಸಿಕೆ ಪೂರ್ತಿಯಾದ ನಾಯಿಯನ್ನೇ ತನ್ನಿ.

ಮರಿ ಒಂದು ಹೊತ್ತು ಹಾಲು, ರೊಟ್ಟಿ ಮುಟ್ಟದೆ ಮೂಲೆ ಹಿಡಿದು, ಒಂದೆರಡು ಸಲ ವಾಂತಿ ಮಾಡಿದರೆ ಆ ದಿನವೇ ತೋರಿಸಿ. ಜಂತಿನ ಬಾಧೆಯೆಂದು ಗುಳಿಗೆ ಕೊಟ್ಟು ಎರಡು ದಿನ ನೋಡುವುದು, ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಒತ್ತಾಯದಿಂದ ಹಾಲು ಹೊಯ್ಯುವುದು ಬೇಡ. ಆ ಎರಡು ದಿನಗಳಲ್ಲೇ ನನ್ನ ಕೈಗೆ ರಕ್ತನಾಳ ಸಿಗದಂತಾಗುವುದು.

ಘಟಪ್ರಭೆಯ ದಂಡೆಯ ಆ ಮರಿ ಮೂರನೆಯ ದಿನ ಬೆಳಗಿನ ಜಾವ ಹೋಯಿತು. ಅದರ ಜೊತೆ ಹುಟ್ಟಿದ ಇನ್ನೂ ನಾಲ್ಕು ಮರಿಗಳನ್ನು ಅವರು ಆಗಲೇ ಮಾರಿದ್ದರು. ಎರಡು ಪುಣೆಗೆ, ಒಂದು ಇಂಡಿಗೆ, ಒಂದು ಇಳಕಲ್ಲಿಗೆ. ಕೌದಿಯನ್ನು ಮನೆಗೆ ಒಯ್ಯದೆ ಸುಟ್ಟುಬಿಡಿ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿ, ನನ್ನ ಮೇಜಿನೆದುರೇ ಕುಳಿತು, ನಾಲ್ವರಿಗೂ ಒಬ್ಬೊಬ್ಬರಾಗಿ ಫೋನ್ ಹಚ್ಚಿದರು. “ಎಲ್ಲಾ ಸೂಜಿ ಆಗ್ಯಾವಂತ ಹೇಳಿದ್ನೆಲ್ರಿ, ಆಗಿಲ್ರಿ. ಮರೀಗೆ ನಾಕ್ ತಿಂಗ್ಳ ಆಗೂತನ ಹಾಕ್ಸಬೇಕಂತ. ಡಾಕ್ಟ್ರ ಮುಂದ ಕುಂತೀನಿ, ಅವ್ರಿಗೇ ಕೊಡ್ತೀನಿ, ಮಾತಾಡ್ರಿ.” ಇಂಡಿಯವರಿಗೆ ಜೋಳದ ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಐದು ಜನ ಕಾಯುತ್ತಿದ್ದರು.