‘ಬೇಡ’ ಗೆದ್ದದ್ದು ಹೇಗೆ, ‘ಬೇಕು’ ಕಾದದ್ದು ಏಕೆ

2017ರ ಜೂನ್ 17ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿವರೆಗಿನ ಮೆಟ್ರೋ ಮಾರ್ಗವನ್ನು ಉದ್ಘಾಟಿಸಿದರು. ಅಲ್ಲಿಗೆ ‘ನಮ್ಮ ಮೆಟ್ರೋ’ದ 42.3 ಕಿ.ಮೀ. ಉದ್ದದ ಮೊದಲ ಹಂತ ಪೂರ್ಣಗೊಂಡಿತು. ಸಮಾರಂಭದ ಹಾರ ತುರಾಯಿಗಳು ಬಾಡುವ ಮೊದಲೇ ಟ್ವಿಟರ್‌ನಲ್ಲಿ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಹರಿದಾಡತೊಡಗಿತು. ಜುಲೈ ಮೊದಲ ವಾರದ ಹೊತ್ತಿಗೆ ಮೆಜೆಸ್ಟಿಕ್ ಮತ್ತು ಚಿಕ್ಕಪೇಟೆ ನಿಲ್ದಾಣಗಳ ಫಲಕಗಳಲ್ಲಿದ್ದ ಹಿಂದಿ ಸಾಲಿನ ಮೇಲೆ ಕಾಗದ ಅಂಟಿಕೊಂಡಿತ್ತು. ಅದೇ ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಫಲಕಗಳನ್ನು ಹಿಂದಿಯಿಲ್ಲದೆ ಮರುವಿನ್ಯಾಸ ಮಾಡಬೇಕಾಗಿದೆ ಎಂದು ಕೇಂದ್ರ ಸಚಿವರಿಗೆ ಪತ್ರ ಬರೆದರು.

ಕ್ಯಾಲೆಂಡರ್ ಹಿಡಿದು ಎಣಿಸಿದರೆ ಇದು ಆರು ವಾರಗಳ ಕಥೆ. ಅಂದಿನ ಸುದ್ದಿವಾಹಿನಿಗಳೂ ಹಾಗೆಯೇ ಹೇಳಿದವು: ಐಟಿ ಊರಿನ ಹುಡುಗರು ಮೊಬೈಲಿನಲ್ಲಿ ಒಂದು ಸಾಲು ಬರೆದರು, ಸರ್ಕಾರ ಬಗ್ಗಿತು ಎಂದು. ಆದರೆ ಆ ಸಾಲಿನ ಬೇರು ಹಿಂದಿನ ಹತ್ತು ಹನ್ನೆರಡು ವರ್ಷಗಳಲ್ಲಿದೆ.

ಮೊದಲಿಗೆ ಆ ಪದವನ್ನೇ ಗಮನಿಸಬೇಕು. ‘ಬೇಡ’ ಎನ್ನುವುದು ಕನ್ನಡದಲ್ಲಿ ವಿಚಿತ್ರ ಬಲವುಳ್ಳ ಪದ. ಅದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಹೇಳುವವರು ಒಬ್ಬರೋ ಲಕ್ಷ ಜನರೋ ಎಂಬುದು ಅದರಿಂದ ತಿಳಿಯುವುದಿಲ್ಲ. ಹ್ಯಾಶ್‌ಟ್ಯಾಗಿಗೆ ಹೇಳಿ ಮಾಡಿಸಿದಂತಹ ಕ್ರಿಯಾಪದ. ಮೆಟ್ರೋ ವಿವಾದಕ್ಕಿಂತ ಎಂಟು ತಿಂಗಳು ಮೊದಲೇ ಬೆಂಗಳೂರಿಗರು ಅದನ್ನು ಬಳಸಿ ನೋಡಿದ್ದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ರಾಜ್ಯ ಸರ್ಕಾರ 2016ರಲ್ಲಿ ಮುಂದಾಯಿತು. ವೆಚ್ಚ ಸುಮಾರು 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು 812. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕೂಗು ಮೊದಲು ಹರಡಿದ್ದು ಫೇಸ್‌ಬುಕ್, ಟ್ವಿಟರ್, ವಾಟ್ಸಾಪ್ ಗುಂಪುಗಳಲ್ಲಿ. ಅಕ್ಟೋಬರ್ 16ರಂದು ಅದೇ ಕೂಗು ಹಿಡಿದು ಸಾವಿರಾರು ಜನ ಉದ್ದೇಶಿತ ಮಾರ್ಗದುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಬಂತು, ವಿರೋಧ ಪಕ್ಷಗಳು ಕಿಕ್‌ಬ್ಯಾಕ್ ಆರೋಪ ಮಾಡಿದವು, 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮೂರು ತಿಂಗಳ ಬಳಿಕ ಅದೇ ‘ಬೇಡ’ ಮೆಟ್ರೋ ಹತ್ತಿತು.

ಆದರೆ ಮೆಟ್ರೋದ ‘ಬೇಡ’ವನ್ನು ಹೇಳಿದವರು ಬಹುಮಟ್ಟಿಗೆ ಬೇರೆ ಜನ. ಅವರ ಹಿನ್ನೆಲೆ ತಿಳಿಯಲು ಅಂತರ್ಜಾಲದಲ್ಲಿ ಕನ್ನಡ ಓದುವುದೇ ದುಸ್ತರವಾಗಿದ್ದ ಕಾಲಕ್ಕೆ ಹೋಗಬೇಕು. ‘ವಿಶ್ವಕನ್ನಡ’ ಜಾಲತಾಣ ಆರಂಭವಾದದ್ದು 1996ರಲ್ಲಿ, ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ಆಗ ಒಬ್ಬರು ಒಂದು ಫಾಂಟ್‌ನಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದವರು ತೆರೆದರೆ ಕಾಣುತ್ತಿದ್ದದ್ದು ರೋಮನ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆ ಹರಡಿದಂತೆ ಆ ಕಷ್ಟ ಕಂಪ್ಯೂಟರಿನಲ್ಲಿ ತೀರಿತಾದರೂ ಮೊಬೈಲಿನಲ್ಲಿ ಮುಂದುವರಿಯಿತು. ಆಂಡ್ರಾಯ್ಡ್ ಫೋನುಗಳು ಕನ್ನಡ ಲಿಪಿಯನ್ನು ತೋರಿಸಲು ಕಲಿತದ್ದು 2012ರ 4.1ನೇ ಆವೃತ್ತಿಯಲ್ಲಿ, ಅದಕ್ಕೂ ಮೊದಲು ಕಾಣುತ್ತಿದ್ದದ್ದು ಸಾಲುಸಾಲು ಖಾಲಿ ಚೌಕಗಳು. ಕನ್ನಡಕ್ಕಾಗಿ ನಡೆದ ಹೋರಾಟದ ಹ್ಯಾಶ್‌ಟ್ಯಾಗುಗಳು ರೋಮನ್ ಲಿಪಿಯಲ್ಲೇ ಏಕಿದ್ದವು ಎಂದು ನಗುವವರು ಈ ಅಭ್ಯಾಸದ ಇತಿಹಾಸವನ್ನು ನೆನೆಯಬೇಕು. ಜೊತೆಗೆ, ಕನ್ನಡ ಬಾರದ ಅಧಿಕಾರಿಯ ಕಣ್ಣಿಗೂ ಅದು ಬೀಳಬೇಕಿತ್ತಲ್ಲ.

ಆ ದಿನಗಳಲ್ಲೇ, ಅಂದರೆ 2000ದ ದಶಕದ ಮಧ್ಯಭಾಗದಲ್ಲಿ, ಇಮೇಲ್ ಗುಂಪು, ಆರ್ಕುಟ್ ಸಮುದಾಯ ಮತ್ತು ಬ್ಲಾಗುಗಳ ಸುತ್ತ ಹೊಸ ಬಗೆಯ ಕನ್ನಡ ಕಾರ್ಯಕರ್ತರ ಗುಂಪುಗಳು ಹುಟ್ಟಿಕೊಂಡವು. ಬನವಾಸಿ ಬಳಗ, ಕನ್ನಡ ಗ್ರಾಹಕರ ಕೂಟದಂಥವು ಇವುಗಳಲ್ಲಿ ಹೆಚ್ಚು ಹೆಸರು ಮಾಡಿದವು. 1980ರ ದಶಕದ ಗೋಕಾಕ್ ಚಳವಳಿ ಬೀದಿಗೆ ಇಳಿದ ಜನಸಾಗರ. ಅದಕ್ಕೆ ರಾಜ್‌ಕುಮಾರ್ ಅವರಂಥ ನಾಯಕರಿದ್ದರು, ಸಾಹಿತಿಗಳಿದ್ದರು. ಈ ಹೊಸಬರ ನಡುವೆ ಅಂಥ ಮುಖಗಳಿರಲಿಲ್ಲ. ಬಹುಪಾಲು ಎಂಜಿನಿಯರುಗಳು, ಬ್ಯಾಂಕು ಮತ್ತು ಕಂಪನಿಗಳ ನೌಕರರು. ಅವರ ಆಯುಧ ಸುತ್ತೋಲೆ.

ಹೋರಾಟದ ಕಥೆಗಳಲ್ಲಿ ಸುತ್ತೋಲೆಗೆ ಜಾಗ ಸಿಗುವುದಿಲ್ಲವಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕಿನಲ್ಲಿ ಚಲನ್ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇದೆ ಎಂದುಕೊಳ್ಳಿ. ಹಳೆಯ ಕಾಲದ ಕಾರ್ಯಕರ್ತ ಮ್ಯಾನೇಜರ್ ಮುಂದೆ ಧರಣಿ ಕೂರುತ್ತಿದ್ದ. ಈ ಹೊಸಬರು, ಗ್ರಾಹಕರು ಬಳಸುವ ಮುದ್ರಿತ ನಮೂನೆಗಳೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿರಬೇಕು ಎಂಬ ರಿಸರ್ವ್ ಬ್ಯಾಂಕಿನ ಸೂಚನೆಯನ್ನು ಹುಡುಕಿ ತೆಗೆಯುತ್ತಿದ್ದರು. ಚಲನ್‌ನ ಫೋಟೋ, ಸೂಚನೆಯ ಪ್ರತಿ, ದೂರು ಸಲ್ಲಿಸುವ ವಿಳಾಸ, ಮೂರನ್ನೂ ಒಟ್ಟಿಗೆ ಗುಂಪಿಗೆ ಹಾಕುತ್ತಿದ್ದರು. ಓದಿದವರಲ್ಲಿ ಹತ್ತು ಜನ ಅದೇ ದೂರನ್ನು ತಮ್ಮ ಶಾಖೆಯಿಂದ ಕಳಿಸುತ್ತಿದ್ದರು. ಕನ್ನಡ ಅಭಿಮಾನದ ವಿಷಯವಾಗಿದ್ದುದು ಹೀಗೆ ಗ್ರಾಹಕನ ಹಕ್ಕಿನ ವಿಷಯವೂ ಆಯಿತು.

ಈ ವಾದ ಅವರನ್ನು ಕನ್ನಡದ ಮನೆಯೊಳಗೂ ಜಗಳಕ್ಕೆ ಎಳೆಯಿತು. ಕನ್ನಡ ಚಿತ್ರರಂಗ ದಶಕಗಳಿಂದ ಡಬ್ಬಿಂಗ್‌ಗೆ ತಡೆ ಒಡ್ಡಿತ್ತು. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಕಾರ್ಯಕ್ರಮ ಕನ್ನಡಕ್ಕೆ ಡಬ್ ಆಗಿ ಪ್ರಸಾರವಾಗದೆ ಹೋದಾಗ, ಬೇರೆ ಭಾಷೆಯವರು ತಮ್ಮ ನುಡಿಯಲ್ಲಿ ನೋಡುವುದನ್ನು ಕನ್ನಡಿಗ ಮಾತ್ರ ಹಿಂದಿಯಲ್ಲೇ ಏಕೆ ನೋಡಬೇಕು ಎಂದು ಇವರು ಕೇಳಿದರು. ಕಲಾವಿದರು, ತಂತ್ರಜ್ಞರ ಹೊಟ್ಟೆಪಾಡಿನ ಪ್ರಶ್ನೆ ಇನ್ನೊಂದು ಕಡೆಯಲ್ಲಿತ್ತು, ಅದನ್ನು ತಳ್ಳಿಹಾಕುವಂತಿರಲಿಲ್ಲ. ಕನ್ನಡ ಗ್ರಾಹಕರ ಕೂಟದ ಕಡೆಯಿಂದ ಹೋದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು.

ಹೀಗೆ ಪಳಗಿದ ಕೈಗಳಿಗೆ ಮೆಟ್ರೋ ಫಲಕ ಸಿಕ್ಕಿತು. ಹಿಂದಿ ಏಕೆ ಎಂಬ ಪ್ರಶ್ನೆಗೆ ಮೆಟ್ರೋ ಸಮರ್ಥಕರು ಕೊಟ್ಟ ಉತ್ತರ ‘ತ್ರಿಭಾಷಾ ಸೂತ್ರ’. ಕೂಡಲೇ ಮರುಪ್ರಶ್ನೆ ಬಂತು: ತ್ರಿಭಾಷಾ ಸೂತ್ರ 1968ರ ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗ, ಶಾಲೆಯಲ್ಲಿ ಯಾವ ಭಾಷೆ ಕಲಿಸಬೇಕೆಂಬುದಕ್ಕೆ ಸಂಬಂಧಿಸಿದ್ದು, ರೈಲು ನಿಲ್ದಾಣದ ಫಲಕಕ್ಕೂ ಅದಕ್ಕೂ ಏನು ನಂಟು? ಇನ್ನುಳಿದದ್ದು 1976ರ ರಾಜಭಾಷಾ ನಿಯಮಗಳು. ಕೇಂದ್ರ ಸರ್ಕಾರಿ ಕಚೇರಿಗಳ ನಾಮಫಲಕಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿರಬೇಕು ಎನ್ನುವ ಆ ನಿಯಮಗಳು ತಮಿಳುನಾಡಿಗೆ ಅನ್ವಯಿಸುವುದಿಲ್ಲ ಎಂದು ಅವುಗಳಲ್ಲೇ ಬರೆದಿದೆ. ಕರ್ನಾಟಕಕ್ಕೆ ಅಂಥ ವಿನಾಯಿತಿ ಇಲ್ಲ. ಆದರೆ ಬೆಂಗಳೂರು ಮೆಟ್ರೋ ನಿಗಮ ಕೇಂದ್ರದ ಕಚೇರಿಯೇ? ಅದರಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು. ಓಡಾಡುವವರು ಬೆಂಗಳೂರಿನವರು, ಭೂಮಿ ಬೆಂಗಳೂರಿನದು. ದೆಹಲಿ ಮೆಟ್ರೋದಲ್ಲಿ ಕನ್ನಡವಿದೆಯೇ ಎಂಬ ಕುಹಕದ ಪ್ರಶ್ನೆಗೆ ಹೆಚ್ಚು ಲೈಕ್ ಬಿದ್ದಿರಬಹುದು. ಸರ್ಕಾರಕ್ಕೆ ಹಿಡಿದುಕೊಳ್ಳಲು ಹಿಡಿಕೆ ಕೊಟ್ಟದ್ದು ಈ ಸಮಪಾಲಿನ ಲೆಕ್ಕ.

ಆ ಬಳಿಕ ಬೀದಿಯೂ ಸೇರಿತು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಿಗಮವನ್ನು ಪ್ರಶ್ನಿಸಿತು. ಕರ್ನಾಟಕ ರಕ್ಷಣಾ ವೇದಿಕೆ ಜುಲೈನಲ್ಲಿ ಬೇರೆ ರಾಜ್ಯಗಳ ಪ್ರತಿನಿಧಿಗಳನ್ನೂ ಕರೆಸಿ ದುಂಡುಮೇಜಿನ ಸಭೆ ನಡೆಸಿತು. ಅದರ ಕಾರ್ಯಕರ್ತರು ನಿಲ್ದಾಣಗಳಿಗೆ ನುಗ್ಗಿ ಹಿಂದಿ ಅಕ್ಷರಗಳಿಗೆ ಮಸಿ ಬಳಿದರು. ಮುಂದಿನ ವರ್ಷ ವಿಧಾನಸಭಾ ಚುನಾವಣೆ ಇತ್ತೆಂಬುದನ್ನು ಮರೆತು ಸಿದ್ದರಾಮಯ್ಯನವರ ಪತ್ರವನ್ನು ಓದಲಾಗದು. ಜಾಲತಾಣದ ಹೋರಾಟಕ್ಕೆ ಪೂರ್ತಿ ಶ್ರೇಯ ಕೊಡುವುದೂ, ಅದನ್ನು ಬೆರಳ ತುದಿಯ ಆಟವೆಂದು ಹೀಗಳೆಯುವುದೂ ಎರಡೂ ತಪ್ಪಾಗುತ್ತದೆ ಎಂದು ನನಗನ್ನಿಸುವುದು ಇದಕ್ಕೇ. ವಾದವನ್ನು ಸಿದ್ಧಮಾಡಿದ್ದು ಜಾಲ, ಅದಕ್ಕೆ ಬಿಸಿ ಮುಟ್ಟಿಸಿದ್ದು ಬೀದಿ, ಒಪ್ಪಿಕೊಂಡದ್ದು ಚುನಾವಣೆಯ ಲೆಕ್ಕಾಚಾರ.

ಅದೇ ಜಾಲ ಇನ್ನೊಂದು ಮುಖವನ್ನೂ ತೋರಿಸಿತ್ತು. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು ಕೇಂದ್ರ ಸರ್ಕಾರ ಕೆಲ ದಿನ ನಿರ್ಬಂಧ ಹೇರಬೇಕಾಯಿತು. ಮೆಟ್ರೋ ವಿವಾದದಲ್ಲೂ ಫಲಕದ ಪ್ರಶ್ನೆ ಆಗಾಗ ಹಿಂದಿ ಮಾತಾಡುವ ಕೂಲಿಯವನ ಮೇಲಿನ ಸಿಟ್ಟಾಗಿ ಜಾರುತ್ತಿತ್ತು. ನೀತಿಯನ್ನು ಬಿಟ್ಟು ಜನರನ್ನು ಹಿಡಿಯಬೇಡಿ ಎಂದು ಗುಂಪುಗಳೊಳಗೇ ಹೇಳುತ್ತಿದ್ದವರಿದ್ದರು, ಅವರ ದನಿ ಎಲ್ಲ ಕಡೆಯೂ ಕೇಳಿಸಲಿಲ್ಲ.

‘ಬೇಡ’ದ ಜೊತೆಗೇ ಹುಟ್ಟಿದ ‘ಬೇಕು’ಗಳ ಕಥೆ ಬೇರೆ. ಒಂದು ಫಲಕವನ್ನು ಮುಚ್ಚಲು, ಒಂದು ಟೆಂಡರನ್ನು ರದ್ದು ಮಾಡಲು ಒಂದು ಸಹಿ ಸಾಕು. ಹೊಸದನ್ನು ಕೊಡಲು ಹತ್ತು ಇಲಾಖೆಗಳು ಬೇಕು. ಕೇಂದ್ರದ ನೇಮಕಾತಿ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯುವಂತಾಗಲಿ ಎಂಬ ಬೇಡಿಕೆ ಮೆಟ್ರೋ ವಿವಾದಕ್ಕಿಂತ ಹಳೆಯದು. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ ಕನ್ನಡವೂ ಸೇರಿ 13 ಭಾಷೆಗಳನ್ನು ಸೇರಿಸುವ ಘೋಷಣೆ ಬಂದದ್ದು 2019ರ ಜುಲೈನಲ್ಲಿ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳ ಸರದಿ 2021ರಲ್ಲಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಪ್ರಾದೇಶಿಕ ಭಾಷೆಗಳಲ್ಲಿ ಮೊದಲ ಬಾರಿಗೆ ನಡೆದದ್ದು 2024ರ ಫೆಬ್ರವರಿ–ಮಾರ್ಚ್‌ನಲ್ಲಿ. ಇವುಗಳ ಹಿಂದೆ ತಮಿಳುನಾಡಿನ ಒತ್ತಡ, ಮುಖ್ಯಮಂತ್ರಿಗಳ ಪತ್ರಗಳು, ಸಂಸದರ ಪ್ರಶ್ನೆಗಳೆಲ್ಲ ಇವೆ.

ಉಕ್ಕಿನ ಸೇತುವೆ ಬೇಡವೆಂದ ಜನರೇ 2016ರ ಡಿಸೆಂಬರ್‌ನಲ್ಲಿ, ಹಾಗಾದರೆ ಏನು ಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ, ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂಬ ಅಭಿಯಾನ ಹೂಡಿದರು. 148 ಕಿ.ಮೀ. ಉದ್ದದ ಆ ಯೋಜನೆಗೆ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್ 20ರಂದು. ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟಿದ್ದಾರೆ. ಮೊದಲು ಕೆಲಸ ಶುರುವಾದದ್ದು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗಿನ ಮಲ್ಲಿಗೆ ಮಾರ್ಗದಲ್ಲಿ. ಶಂಕುಸ್ಥಾಪನೆಯಾಗಿ ಮೂರು ವರ್ಷ ಕಳೆದ ಮೇಲೂ ಅಲ್ಲಿ ಕಂಬಗಳು ಏಳುತ್ತಿದ್ದವು, ರೈಲು ಬಂದಿರಲಿಲ್ಲ.