ತಕ್ಕಡಿಯ ಮೇಲೆ ರೈಡ್ ಸಿಂಬಲ್

ನನ್ನ ತಾಲೀಮು ಕೋಣೆಯಲ್ಲಿ ತರಕಾರಿ ಅಂಗಡಿಯವರು ಬಳಸುವಂಥ ಒಂದು ಡಿಜಿಟಲ್ ತಕ್ಕಡಿ ಇದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೊಂಡದ್ದು. ಡ್ರಮ್ಸ್ ಕಲಿಯಲು ಬರುವ ಹುಡುಗರು ಮೊದಲ ದಿನ ಅದನ್ನು ನೋಡಿ ನಗುತ್ತಾರೆ. ಯಾರಾದರೂ ಹೊಸ ಸಿಂಬಲ್, ಅಂದರೆ ಕೋಲಿನಿಂದ ಬಡಿಯುವ ಕಂಚಿನ ತಟ್ಟೆ, ತಂದರೆ ಕೋಲು ಎತ್ತಿಕೊಳ್ಳುವ ಮೊದಲು ನಾನು ಅದನ್ನು ತಕ್ಕಡಿಗೆ ಇಡುತ್ತೇನೆ.

ಕಳೆದ ವರ್ಷ ಸಿರುಗುಪ್ಪದ ಶಿಷ್ಯನೊಬ್ಬ 22 ಇಂಚಿನ ರೈಡ್ (ಲಯ ಹಿಡಿದು ನಡೆಸುವ ದೊಡ್ಡ ಸಿಂಬಲ್) ಒಂದನ್ನು ಜಮಖಾನದಲ್ಲಿ ಸುತ್ತಿಕೊಂಡು ಬಂದ. ಟರ್ಕಿಯ ಕೈಕೆಲಸ, ಮೈತುಂಬ ಸುತ್ತಿಗೆಯ ಗುರುತು, ನೋಡಲು ಹಳೆಯ ದೇವಸ್ಥಾನದ ಜಾಗಟೆಯ ಹಾಗೆ ಗಂಭೀರ. ಚಿತ್ರ ನೋಡಿ ಆನ್‌ಲೈನಿನಲ್ಲಿ ತರಿಸಿದ್ದ. ತಕ್ಕಡಿ 3,140 ಗ್ರಾಂ ತೋರಿಸಿತು. ಅವನು ನುಡಿಸುವುದು ಚರ್ಚಿನ ಗಾಯಕರ ಜೊತೆ. ಎತ್ತರದ ಚಾವಣಿ, ಗಾರೆಯ ಗೋಡೆ, ಎಂಟು ಜನ ಹಾಡುವವರು, ಒಂದು ಕೀಬೋರ್ಡ್. ಆ ಭಾನುವಾರ ಮುಂದಿನ ಸಾಲಿನ ಅಜ್ಜಿಯರು ಸೆರಗಿನಿಂದ ಕಿವಿ ಮುಚ್ಚಿಕೊಂಡರಂತೆ. ಸಿಂಬಲ್ಲಿನಲ್ಲಿ ದೋಷವೇನೂ ಇರಲಿಲ್ಲ. ಬಯಲಿಗೆಂದು ಹುಟ್ಟಿದ್ದನ್ನು ಅವನು ಕೋಣೆಯಲ್ಲಿ ಕಟ್ಟಿಹಾಕಿದ್ದ, ಅಷ್ಟೆ.

ರೈಡ್ ಮಾಡುವ ಕೆಲಸ ನಮಗೆ ಹೊಸದಲ್ಲ. ಭಜನೆಯಲ್ಲಿ ತಾಳ ಹಿಡಿದವನು, ದೊಡ್ಡಾಟದಲ್ಲಿ ಭಾಗವತರ ಪಕ್ಕದವನು ಮಾಡುವುದೂ ಅದನ್ನೇ. ಎಲ್ಲರೂ ಒರಗಿಕೊಳ್ಳುವ ಲಯದ ಗೋಡೆಯಾಗಿ ನಿಲ್ಲುವುದು. ಡ್ರಮ್ಸ್‌ನಲ್ಲಿ ಈ ಹೊಣೆ ಮೊದಲು ಕಾಲಿನ ಬಾಸ್ ಡ್ರಮ್ಮಿನ ಮೇಲಿತ್ತು. ಅದನ್ನು ಬಲಗೈಗೆ, ರೈಡ್ ಸಿಂಬಲ್ಲಿಗೆ ದಾಟಿಸಿದ ಹಿರಿಮೆ 1940ರ ದಶಕದ ಅಮೆರಿಕದ ಜಾಝ್ ವಾದಕ ಕೆನ್ನಿ ಕ್ಲಾರ್ಕ್‌ಗೆ ಸಲ್ಲುತ್ತದೆ. ಹಾಗಾಗಿ ಡ್ರಮ್ಸ್ ಸೆಟ್ಟಿನಲ್ಲಿ ಬಹಳ ಹೊತ್ತು ಕೇಳಿಸುವ ಲೋಹ ಇದು. ಆಗೊಮ್ಮೆ ಈಗೊಮ್ಮೆ ಜೋರಾಗಿ ಬಡಿಯುವ ಕ್ರ್ಯಾಶ್ ಸಿಂಬಲ್ ಆಯ್ಕೆಯಲ್ಲಿ ತಪ್ಪಿದರೆ ಹಾಡಿಗೆ ನಾಲ್ಕು ಸಲ ನೋವಾಗುತ್ತದೆ. ರೈಡ್ ತಪ್ಪಿದರೆ ಹಾಡಿನುದ್ದಕ್ಕೂ.

ಬಳ್ಳಾರಿ ನಾಟಕದವರ ಊರು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಮುಟ್ಟುವ ದನಿಯನ್ನು ನಮ್ಮವರು ಕಂಚಿನ ಕಂಠ ಎಂದರು. ಕಂಚಿಗೂ ಒಂದು ಕಂಠವಿದೆ, ಅದರಲ್ಲಿ ಸ್ವರ, ವ್ಯಂಜನ ಎರಡೂ ಇವೆ ಎಂದು ನಾನು ಪಾಠ ಶುರುಮಾಡುತ್ತೇನೆ. ಕೋಲಿನ ತುದಿ ತಾಗಿದ ಕ್ಷಣದ ‘ಟಿಂಗ್’ ವ್ಯಂಜನ. ಅದರ ಹಿಂದೆ ಹರಡಿಕೊಳ್ಳುವ ಝೇಂಕಾರ ಸ್ವರ. ದಪ್ಪ, ಭಾರದ ಸಿಂಬಲ್ ಒತ್ತಕ್ಷರವನ್ನೂ ಬಿಡಿಸಿ ಹೇಳುತ್ತದೆ, ಆದರೆ ರಾಗ ಎಳೆಯಲು ಒಲ್ಲೆ ಎನ್ನುತ್ತದೆ. ತೆಳ್ಳನೆಯದು ಬೇಗ ಬಾಯಿ ತೆರೆಯುತ್ತದೆ, ಜೋರಾಗಿ ಬಡಿದರೆ ಸ್ವರದಲ್ಲಿ ವ್ಯಂಜನವೆಲ್ಲ ಮುಳುಗಿಹೋಗುತ್ತದೆ. ಈ ಎರಡರ ಪ್ರಮಾಣ ಎಷ್ಟಿರಬೇಕು ಎಂಬುದೇ ಆಯ್ಕೆ. ಆ ಪ್ರಮಾಣದ ಮೊದಲ ಸುಳಿವು ತೂಕ. 22 ಇಂಚಿನ ರೈಡ್ 2,400 ಗ್ರಾಂಗಿಂತ ಕಡಿಮೆ ಇದ್ದರೆ ತೆಳು, 2,500ರಿಂದ 2,800ರ ನಡುವೆ ಮಧ್ಯಮ, 3,000 ದಾಟಿತೆಂದರೆ ಭಾರ ಎಂದು ನಾನು ಲೆಕ್ಕ ಹಾಕುತ್ತೇನೆ. ಸಿಂಬಲ್ಲಿನ ಮೇಲೆ ‘ಮೀಡಿಯಂ’ ಎಂದು ಅಚ್ಚು ಹಾಕಿದ್ದನ್ನು ನಂಬುವುದಿಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಹೆವಿ.

ಕೈಕೆಲಸದ ಸಿಂಬಲ್ಲಿನಲ್ಲಿ ತೂಕ ಇನ್ನೂ ಮುಖ್ಯ. ಕಾರಣ ಅದನ್ನು ಮಾಡುವ ಬಗೆಯಲ್ಲಿದೆ. ಸಾಂಪ್ರದಾಯಿಕ ಟರ್ಕಿ ಪದ್ಧತಿಯ ಕಂಚಿನಲ್ಲಿ ಶೇ 80ರಷ್ಟು ತಾಮ್ರ, ಶೇ 20ರಷ್ಟು ತವರ ಇರುತ್ತದೆ. ಇಷ್ಟು ತವರ ಬೆರೆತ ಕಂಚು ತಾನಾಗಿ ತಣಿದರೆ ಗಾಜಿನಂತೆ ಪೆಡಸಾಗುತ್ತದೆ, ಸುತ್ತಿಗೆ ಬಿದ್ದರೆ ಒಡೆಯುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಹದಕ್ಕೆ ಬರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಶಿಷ್ಯನೊಬ್ಬನಿಗೆ ಇದನ್ನು ನಂಬಿಸಲು ಒಂದು ಸಂಜೆಯೇ ಹಿಡಿಯಿತು. ಕಾದ ಉಕ್ಕು ನೀರು ಕುಡಿದರೆ ಗಡುಸಾಗುತ್ತದೆ ಎಂಬುದು ಅವನ ದಿನನಿತ್ಯದ ಜ್ಞಾನ. ಕಂಚಿನದು ತದ್ವಿರುದ್ಧ ಸ್ವಭಾವ.

ಎರಕದ ಬಿಲ್ಲೆಯನ್ನು ಮತ್ತೆ ಮತ್ತೆ ಕಾಯಿಸಿ, ದಿಕ್ಕು ಬದಲಿಸಿ ಉರುಳೆಗಳ ನಡುವೆ ಹಾಯಿಸಿ ತಟ್ಟೆಯಾಗಿ ಚಪ್ಪಟೆ ಮಾಡುತ್ತಾರೆ. ನಡುವೆ ಗುಬುಟು ಎಬ್ಬಿಸುತ್ತಾರೆ, ನಾವು ಬೆಲ್ ಎನ್ನುವುದು ಅದನ್ನೇ. ಆಮೇಲೆ ಸುತ್ತಿಗೆ. ಸಾವಿರಾರು ಏಟುಗಳು ತಟ್ಟೆಗೆ ಬಾಗು ಕೊಡುತ್ತವೆ, ಲೋಹದೊಳಗೆ ಬಿಗುವು ತುಂಬುತ್ತವೆ. ಮನುಷ್ಯನ ಕೈ ಎರಡು ಏಟುಗಳನ್ನು ಒಂದೇ ತೂಕದಲ್ಲಿ ಹಾಕುವುದಿಲ್ಲ. ಬಿಗುವು ಒಂದೊಂದು ಕಡೆ ಒಂದೊಂದು ಬಗೆಯಾಗಿ, ಹತ್ತಾರು ಉಪನಾದಗಳು ಒಂದರ ಮೇಲೊಂದು ಬೀಳುತ್ತವೆ. ಆ ಮಬ್ಬು, ಆಳವಾದ ದನಿಗೆ ನಾವು ‘ಡಾರ್ಕ್’ ಎನ್ನುತ್ತೇವೆ. ಕೊನೆಗೆ ಲೇತ್‌ನಲ್ಲಿ ತಿರುಗಿಸಿ ಹೆರೆಯುತ್ತಾರೆ. ಆ ಉಂಗುರಗೆರೆಗಳು ದನಿಯನ್ನು ಬಿಡಿಸಿ ಹರಡುತ್ತವೆ. ಹೆರೆಯದೆ ಬಿಟ್ಟ ಕಪ್ಪು ಮೈಯ ಸಿಂಬಲ್ ಒಣಗಿದ ದನಿ ಕೊಟ್ಟು ಬೇಗ ಸುಮ್ಮನಾಗುತ್ತದೆ. ಹೆರೆಯುವವನ ಕೈ ಒಂದು ಕೂದಲೆಳೆ ಹೆಚ್ಚು ಒತ್ತಿದರೂ ಗ್ರಾಂಗಳು ಉದುರುತ್ತವೆ. ಒಂದೇ ಹೆಸರಿನ, ಒಂದೇ ಅಳತೆಯ ಎರಡು ಕೈಕೆಲಸದ ರೈಡ್‌ಗಳ ನಡುವೆ 200 ಗ್ರಾಂ ವ್ಯತ್ಯಾಸ ಕಂಡಿದ್ದೇನೆ. ಅವು ಅಣ್ಣತಮ್ಮಂದಿರು, ಅವಳಿಗಳಲ್ಲ.

ಹೆಸರುಗಳ ಬಗ್ಗೆ ಹುಡುಗರಿಗೆ ಇರುವ ಮೋಹ ನನಗೆ ಅರ್ಥವಾಗುತ್ತದೆ, ನನಗೂ ಇತ್ತು. ಆದರೆ ವಂಶಾವಳಿ ನೋಡಿದರೆ ಮೋಹ ಸ್ವಲ್ಪ ಇಳಿಯುತ್ತದೆ. 1623ರಲ್ಲಿ ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಕುಟುಂಬವೊಂದು ಶುರುಮಾಡಿದ ಸಿಂಬಲ್ ಕಂಪನಿ ಜಿಲ್ಜಿಯನ್ 1929ರಲ್ಲಿ ಅಮೆರಿಕದಲ್ಲಿ ಕಾರ್ಖಾನೆ ಹೂಡಿತು. ಅದೇ ಕುಟುಂಬದ ರಾಬರ್ಟ್ ಬೇರೆಯಾಗಿ 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಕಟ್ಟಿದ. ಇಸ್ತಾಂಬುಲ್‌ನಲ್ಲಿ ಅಗೋಪ್ ಮತ್ತು ಮೆಹ್ಮೆತ್ ಎಂಬ ಇಬ್ಬರು ಕಸುಬುದಾರರು ಕೂಡಿ ಕಟ್ಟಿದ ಕಂಪನಿ 1996ರಲ್ಲಿ ಅಗೋಪ್ ತೀರಿಕೊಂಡ ಮೇಲೆ ಇಬ್ಬರ ಹೆಸರಿನಲ್ಲಿ ಎರಡಾಯಿತು. ಜರ್ಮನಿಯ ಮೈನ್ಲ್ ತನ್ನ ಬೈಜಾನ್ಸ್ ಸರಣಿಗೆ ಟರ್ಕಿಯ ಕಮ್ಮಟದ ಕೈಗಳನ್ನೇ ನೆಚ್ಚಿಕೊಂಡಿದೆ. ಒಂದೇ ಒಲೆಯ ಕಾವು ಹಲವು ಮನೆಗಳಿಗೆ ಹಂಚಿಹೋಗಿದೆ. ಹಾಗಿದ್ದ ಮೇಲೆ ನಿಮ್ಮ ಮುಂದಿರುವ ತಟ್ಟೆಯನ್ನು ಕೇಳಿ, ಅಚ್ಚನ್ನು ಓದಬೇಡಿ.

ಜಾಝ್ ನುಡಿಸುವವರಿಗೆ 20ರಿಂದ 22 ಇಂಚಿನ ತೆಳು, ಚಿಕ್ಕ ಬೆಲ್ಲಿನ, ತಗ್ಗು ಬಾಗಿನ ರೈಡ್ ಸಲ್ಲುತ್ತದೆ. ಅಲ್ಲಿ ಬಲಗೈ ಮಾತಾಡುತ್ತದೆ, ಪಿಸುಗುಟ್ಟುತ್ತದೆ, ಬೇಕೆನಿಸಿದಾಗ ಅದೇ ಸಿಂಬಲ್ಲನ್ನು ಕೋಲಿನ ಹೆಗಲಿನಿಂದ ತಟ್ಟಿ ಕ್ರ್ಯಾಶ್ ಮಾಡುತ್ತದೆ. ನಮ್ಮ ಕಡೆ ಜಾಝ್ ನುಡಿಸುವವರನ್ನು ಬೆರಳಲ್ಲಿ ಎಣಿಸಬಹುದು. ಆದರೂ ಚರ್ಚಿನ ಹುಡುಗರಿಗೆ ನಾನು ಕೊಡಿಸುವುದು ಈ ಜಾತಿಯ ರೈಡ್. ಸದ್ದು ಮರಳಿಸುವ ಗೋಡೆಗಳ ನಡುವೆ ತೆಳು ಮತ್ತು ಒಣ ದನಿಯೇ ಹಿತ. ಝೇಂಕಾರವನ್ನು ಕಟ್ಟಡವೇ ಸೇರಿಸಿಕೊಡುತ್ತದೆ.

ರಾಕ್‌ಗೆ ಭಾರದ್ದು, ದೊಡ್ಡ ಬೆಲ್ಲಿನದು. ಗಿಟಾರುಗಳ ಗದ್ದಲ ಸೀಳಿ ವ್ಯಂಜನ ಹೊರಬರಬೇಕು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ನಮ್ಮ ಕಡೆಯ ನಿಜವಾದ ಇಕ್ಕಟ್ಟು ರಸಮಂಜರಿಯದು. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಜಾತ್ರೆಯ ವೇದಿಕೆ. ಗೋಡೆಯಿಲ್ಲ, ಚಾವಣಿಯಿಲ್ಲ, ಹಿಂದೆ ಜನರೇಟರ್ ಗುಡುಗುತ್ತಿರುತ್ತದೆ. ಢೋಲಕ್ಕು, ತಮಟೆ ಎಲ್ಲವೂ ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ವಾದ್ಯದಿಂದ ಬರುತ್ತವೆ. ಡ್ರಮ್ಮರ್‌ಗೆ ಉಳಿಯುವ ನಿಜವಾದ ಲೋಹ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್), ಒಂದು ಕ್ರ್ಯಾಶ್, ಒಂದು ರೈಡ್. ಸಿಂಬಲ್ಲಿಗೆಂದು ಮೈಕ್ ಇಟ್ಟರೆ ಪುಣ್ಯ. ತೆಳು ರೈಡಿನ ಆಳದ ದನಿ ಅಲ್ಲಿ ಗಾಳಿಯಲ್ಲಿ ಕರಗಿಹೋಗುತ್ತದೆ, ಹಾಡುವವರಿಗೆ ಒರಗಲು ಗೋಡೆ ಸಿಗುವುದಿಲ್ಲ. ಹಾಗೆಂದು ಮೂರು ಕಿಲೋದ ರೈಡ್ ಇಟ್ಟರೆ ನಿಧಾನದ ಭಾವಗೀತೆಗೆ ಅದು ಸೈಕಲ್ ಬೆಲ್ಲಿನಂತೆ ಕಿಣಿಕಿಣಿ ಎನ್ನುತ್ತದೆ. ಹತ್ತಾರು ರಾತ್ರಿಗಳ ಸೋಲಿನ ನಂತರ ನಾನು ಬಂದು ನಿಂತದ್ದು 21 ಇಂಚಿನ, ಸುಮಾರು 2,450 ಗ್ರಾಂ ತೂಗುವ ಒಂದು ರೈಡಿಗೆ. ಬೆಲ್ ಸ್ವಲ್ಪ ದೊಡ್ಡದು, ಮೇಲ್ಮೈ ಹೆರೆದದ್ದು, ಅಂಚು ಮಾತ್ರ ತೆಳು. ಬಯಲಿನಲ್ಲಿ ನೈಲಾನ್ ತುದಿಯ ಕೋಲು, ಸಭಾಂಗಣದಲ್ಲಿ ಮರದ ತುದಿಯದು. ಕೋಲು ಬದಲಿಸಿದರೆ ಅರ್ಧ ಸಿಂಬಲ್ ಬದಲಿಸಿದ ಹಾಗೆ. ಇದಕ್ಕೆ ಆಗುವ ಖರ್ಚು ಎರಡು ಊಟದಷ್ಟು.

ಇಂಥ ಸಿಂಬಲ್ ಕೊಳ್ಳಲು ನಮ್ಮ ಕಡೆಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಹೋಗಬೇಕು. ಹೋದರೆ ನಿಮ್ಮ ಕೋಲುಗಳನ್ನು ಒಯ್ಯಿರಿ. ಅಂಗಡಿಯಲ್ಲಿ ಎಲ್ಲರೂ ಒಮ್ಮೆ ಟಿಂಗ್ ಎನಿಸಿ ತಲೆ ಅಲ್ಲಾಡಿಸುತ್ತಾರೆ. ಒಂದು ಏಟಿಗೆ ಎಲ್ಲ ಸಿಂಬಲ್ಲುಗಳೂ ಸುಂದರವೇ. ನಿಮ್ಮ ಎಂದಿನ ಜೋರಿನಲ್ಲಿ ಬಿಡದೆ ಮೂರು ನಿಮಿಷ ನುಡಿಸಿ. ಮೂರನೆಯ ನಿಮಿಷದಲ್ಲೂ ಪ್ರತಿ ಏಟು ಬಿಡಿಬಿಡಿಯಾಗಿ ಕೇಳಿದರೆ ಅದು ನಿಮ್ಮ ಕೈಗೆ ಹೊಂದಿತು. ಆಮೇಲೆ ಜೊತೆಯವನ ಕೈಗೆ ಕೋಲು ಕೊಟ್ಟು ಇಪ್ಪತ್ತು ಅಡಿ ದೂರ ಹೋಗಿ ನಿಲ್ಲಿ. ಕೂತವನ ಕಿವಿಗೆ ಒರಟಾಗಿ ಕೇಳಿದ್ದು ಅಲ್ಲಿ ನುಣುಪಾಗಿರುತ್ತದೆ, ಇಂಪಾಗಿದ್ದದ್ದು ಅಲ್ಲಿಗೆ ಮುಟ್ಟಿರುವುದೇ ಇಲ್ಲ. ಆನ್‌ಲೈನಿನಲ್ಲೇ ಕೊಳ್ಳಬೇಕಾದರೆ ಕಳಿಸಲಿರುವ ಅದೇ ತಟ್ಟೆಯ ತೂಕ ಮತ್ತು ಧ್ವನಿಮುದ್ರಣ ಕೇಳಿ. ಕೊಡಲು ಹಿಂಜರಿಯುವವರಲ್ಲಿ ನಾನು ಕೊಳ್ಳುವುದಿಲ್ಲ.

ಸಿರುಗುಪ್ಪದ ಹುಡುಗ ತನ್ನ ಭಾರದ ರೈಡನ್ನು ರಾಯಚೂರಿನ ರಾಕ್ ತಂಡವೊಂದಕ್ಕೆ ಕೊಟ್ಟು, ಬಂದ ಹಣಕ್ಕೆ ಸ್ವಲ್ಪ ಸೇರಿಸಿ 2,290 ಗ್ರಾಂನ ತೆಳು ರೈಡ್ ತಂದ. ಅಜ್ಜಿಯರು ಸೆರಗು ಇಳಿಸಿದರು. ಪಕ್ಕದ ಮನೆಯವರ ಆಯುಧಪೂಜೆಯ ಹೊತ್ತಿಗೆ ಅವನ ತಾಯಿಗೂ ಹುರುಪು ಬಂದು, ಮನೆಯ ಹಿತ್ತಾಳೆ ಪಾತ್ರೆಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಕಂಚಿನ ಮೇಲೆ ಕಟ್ಟಿದ ಕಂದು ಪೊರೆಯೂ ಕಂಪನಿಯ ಅಚ್ಚೂ ಒಟ್ಟಿಗೆ ತೊಳೆದುಹೋಗಿವೆ. ದನಿ ಎಳ್ಳಷ್ಟು ಚುರುಕಾಗಿದೆ, ಪೊರೆ ಮತ್ತೆ ಕಟ್ಟಿದರೆ ಸರಿಹೋಗುತ್ತದೆ. ಯಾವ ಕಂಪನಿಯದು ಎಂದು ಯಾರಾದರೂ ಕೇಳಿದರೆ ಅವನೀಗ ತೂಕ ಹೇಳುತ್ತಾನೆ.